ಅಂಗಳಕ್ಕೆ ಬಂದ ಸಾಗರವೃಕ್ಷ

ನಾವು ಶಾಲೆಯ ಸೇವೆಯಿಂದ ನಿವೃತ್ತರಾಗಿ ಮೂರು ವರ್ಷಗಳು ಸಂದುವು. ಮೂವತ್ತು ವರ್ಷಗಳಿಗೂ ಮಿಕ್ಕಿ ಹುಡುಗರಿಂದ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದವರಿಗೆ, ಒಮ್ಮೆಲೆ ತಮ್ಮ ಮಾತು ಕೇಳುವವರೇ ಇಲ್ಲದಂತಾದಾಗ ಹೊತ್ತು ಹೋಗುವದು ಎಷ್ಟು ಕಠಿಣವೆಂಬುದನ್ನು ನಮ್ಮ ವಯಸ್ಸಿನ ವಾಚಕರು ಬಲ್ಲರು. ಆದರೂ ಗಿಡ ಸಾಕುವ ಹವ್ಯಾಸವನ್ನು ನಾವಾಗಿ ಹಚ್ಚಿಕೊಂಡುದಲ್ಲ. ಅದು ನಮ್ಮ ಮೇಲೆ ಹೊರಿಸಲ್ಪಟ್ಟಿತು.

ಬೆಂಗಳೂರಿನಲ್ಲಿರುವ ನಮ್ಮ ಮೊಮ್ಮಗಳು ಆಗ ಎಂಟು ವರ್ಷದವಳು. ಸ್ವಾತಂತ್ರ್ಯ ದಿನದ ಫಲಪುಷ್ಪ ಪ್ರದರ್ಶನವನ್ನು ನೋಡಲು ಲಾಲ್‌ಬಾಗಿಗೆ ಹೋದವಳು ಗೇಣುದ್ದದ ಒಂದು ಸಸಿಗಾಗಿ ಹಟ ಹಿಡಿದು ಕೊಂಡು ತಂದಳಂತೆ. ಅವರಿರುವ ಮನೆಯು ನಾಲ್ಕನೆಯ ಅಂತಸ್ತಿನಲ್ಲಿ. ಬಿಸಿಲೆಂಬುದು ಅಲ್ಲಿ ಎದುರು ಮನೆಯವರ ಗೋಡೆಯ ಮೇಲೆ ಮಾತ್ರ ಕಾಣುವಂಥದು. ಸಸಿಯು ಬಾಡಲಾರಂಭಿಸಿತು. ದೀಪಾವಳಿಗೆ ಊರಿಗೆ ಬರುವಾಗ ಆ ಕೂಸು ಅದನ್ನು ಹುನಗುಂದದವರೆಗೂ ತೊಡೆಯ ಮೇಲಿಟ್ಟುಕೊಂಡು ಬಂದು, ನಮ್ಮ ಕೈಗೆ ಕೊಟ್ಟು, ಎರಡು ಕರಾರುಗಳನ್ನು ಹಾಕಿತು. "ಅಜ್ಜಾ, ನೀ ಇದನ್ನ ಕಾಯಬೇಕು. ಇದು ಸಾಯಬಾರದು. ಮತ್ತ ಭಾಳ ದೊಡ್ಡದೂ ಆಗಬಾರದು, ನಮ್ಮ ಮನಿಯಾಗ ಹಿಡಿಸೂದಿಲ್ಲ."

ಸಾಯಲೂ ಬಾರದು, ದೊಡ್ಡದಾಗಲೂ ಬಾರದು! ಎರಡನ್ನೂ ಒಟ್ಟಿಗೆ ಸಾಧಿಸುವ ವಿದ್ಯೆಗೆ ಬೊನ್ಸಾಯ್ ಎಂದು ಹೆಸರೆಂಬುದು ನಮಗೆ ಆಮೇಲೆ ತಿಳಿಯಿತು.

ಮಾರಿದವರು ಅದಕ್ಕೆ ಕ್ರಿಸ್‌ಮಸ್ ಗಿಡವೆಂದು ಚೀಟಿ ಅಂಟಿಸಿದ್ದರು. ನೆರೆಯವರು ಸರ್ವೆಯ ಗಿಡವೆಂದರು. ಸರ್ವೆಯು ನೋಡಲು ಹಾಗೆ ಕಂಡರೂ ಸೂಚಿಪರ್ಣಗಳ ಕುಲಕ್ಕೆ ಸೇರಿದ್ದಲ್ಲ. ಇದು ನಿಜವಾಗಿ ಆ ಕುಲದ್ದು, ಅರಕೇರಿಯಾ ಎಂಬ ಮನೆತನದ್ದು. ನೆಟ್ಟಗಿನ ಒಂದು ಕಾಂಡ. ಅದರ ಸುತ್ತ ಛತ್ರಿಯ ಕಡ್ಡಿಗಳಂತೆ ಒಂದೊಂದು ಅಂತಸ್ತಿಗೆ ನಾಲ್ಕೈದು ಕೊಂಬೆಗಳು. ಕೊಂಬೆಗಳಿಗೆಲ್ಲ ಮೆತ್ತಗಿನ ಹಸಿರು ಸೂಜಿಗಳು. ರಂಗವಲ್ಲಿಯನ್ನು ನೆಲದಿಂದೆತ್ತಿ ಒಂದರ ಮೇಲೊಂದು ನಿಲ್ಲಿಸಿದಂತೆ ಅದರ ಅಚ್ಚುಕಟ್ಟು.

ಇದರ ತವರು ನಾರ್ಫೋಕ್ ಎಂಬ ದ್ವೀಪ. ಆಸ್ಟ್ರೇಲಿಯಾದ ಪೂರ್ವಕ್ಕೆ, ನ್ಯೂಝಿಲಂಡದ ವಾಯವ್ಯಕ್ಕೆ, ಪ್ರಶಾಂತ ಮಹಾಸಾಗರದ ನಡುವೆ ಸುಮಾರು 35 ಚದರ ಕಿಲೋಮೀಟರಿನ ನೆಲ. ನಮ್ಮ ರಾಮಥಾಳದ ಹೆಸರನ್ನು ದೂರದವರೂ ಕೇಳುವಂತೆ ಮಾಡಿದ ಹನಿ ನೀರಾವರಿ ಯೋಜನೆಯ ಕ್ಷೇತ್ರವು 24,000 ಹೆಕ್ಟೇರು. ಅದರೊಳಗೆ ಅಂಥ ಆರು ದ್ವೀಪಗಳನ್ನಿಟ್ಟರೂ ಇನ್ನೂ ಸ್ಥಳ ಉಳಿಯುವದು. 1774ರ ಅಕ್ಟೋಬರದಲ್ಲಿ ಕ್ಯಾಪ್ಟನ್ ಕುಕ್ ಎಂಬ ನಾವಿಕನು ಈ ದ್ವೀಪವನ್ನು ಕಂಡು, ಕಡಲಂಚಿನವರೆಗೂ ಕಂಬಗಳಂತೆ ನಿಂತ ಈ ಮರಗಳನ್ನು ನೋಡಿ, ಹಡಗುಗಳಿಗೆ ಕೂವೆಮರ ದೊರಕಿತೆಂದು ಹಿಗ್ಗಿದನು. 1788ರಲ್ಲಿ ಆಂಗ್ಲರು ಅಲ್ಲಿಗೆ ಕೈದಿಗಳನ್ನು ಸಾಗಿಸಿ ನೆಲೆ ಹೂಡಿದರು. ಕಡಿದು ನೋಡಿದರೆ ಕಟ್ಟಿಗೆಯು ಗಾಳಿಯ ಸೆಳೆತಕ್ಕೆ ಬಾಗದೆ ಮುರಿಯುವಂಥದು, ಕೂವೆಮರಕ್ಕೆ ಬಾರದು. ಆದರೆ ಕೊಡಲಿಯು ಒಮ್ಮೆ ಒಳಹೊಕ್ಕ ಮೇಲೆ ಕಾರಣಗಳಿಗೇನು ಕಡಿಮೆ? ಹೊಲಕ್ಕೆಂದು, ದನದ ಹುಲ್ಲಿಗೆಂದು ಕಾಡು ಹೋಯಿತು. ಪಕ್ಕದ ಫಿಲಿಪ್ ಎಂಬ ಪುಟ್ಟ ದ್ವೀಪದಲ್ಲಿ ತಂದು ಬಿಟ್ಟ ಹಂದಿ, ಆಡು, ಮೊಲಗಳು ಹಸಿರನ್ನೆಲ್ಲ ಮೇದು ನೆಲವನ್ನು ಬೋಳು ಮಾಡಿದವು. 1980ರ ದಶಕದ ಕೊನೆಗೆ ಮೊಲಗಳನ್ನು ಪೂರ್ತಿಯಾಗಿ ತೆಗೆದ ಮೇಲೆಯೇ ಅಲ್ಲಿ ಮತ್ತೆ ಸಸಿಗಳು ತಲೆ ಎತ್ತಿದವು. ಇಂದು ದ್ವೀಪದವರು ಈ ಮರವನ್ನು ತಮ್ಮ ಧ್ವಜದ ಮೇಲೆ ಬರೆದುಕೊಂಡಿದ್ದಾರೆ. ಆದರೂ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ಅಪಾಯಕ್ಕೆ ಈಡಾಗಬಲ್ಲ ಜಾತಿಯೆಂದು ದಾಖಲಾಗಿದೆ. ಜಗತ್ತಿನ ಊರೂರಿನ ವರಾಂಡಗಳಲ್ಲಿ ಕುಂಡಗಳಲ್ಲಿ ಕುಳಿತಿರುವ ಮರವು ತನ್ನ ತವರಿನಲ್ಲಿ ಮಾತ್ರ ಕಾವಲು ಬೇಡುತ್ತಿರುವದು. ಕುಂಡದಲ್ಲಿ ಒಂದನ್ನು ಸಾಕಿ ಆ ಕುಲವನ್ನು ಉದ್ಧರಿಸಿದೆವೆಂಬ ಭ್ರಮೆಯು ನಮಗೆ ಇಲ್ಲ.

ಇದಕ್ಕೆ ಒಂದು ದಾಯಾದಿ ಕುಲವೂ ಉಂಟು. ಅದು ನ್ಯೂ ಕ್ಯಾಲೆಡೋನಿಯಾದ್ದು. ಕುಕ್ಕನ ಹೆಸರನ್ನೇ ಹೊತ್ತಿದೆ. ಎಳೆತನದಲ್ಲಿ ಎರಡನ್ನೂ ಬೇರ್ಪಡಿಸುವದು ಬಲ್ಲವರಿಗೂ ಕಷ್ಟವಾದ್ದರಿಂದ ಪೇಟೆಯಲ್ಲಿ ಒಂದರ ಹೆಸರಿನಿಂದ ಇನ್ನೊಂದು ಮಾರಾಟವಾಗುವದು. ಕುಕ್ಕನ ಮರದ ಒಂದು ವಿಚಿತ್ರ ಗುಣವನ್ನು ವಾಚಕರಿಗೆ ಹೇಳದೆ ಮುಂದೆ ಹೋಗಲಾರೆವು: ಅದು ಭೂಮಧ್ಯರೇಖೆಯ ಕಡೆಗೆ ವಾಲಿ ಬೆಳೆಯುವದು. ಐದು ಖಂಡಗಳಲ್ಲಿ 256 ಮರಗಳನ್ನು ಅಳೆದ ವಿದ್ವಾಂಸರು 2017ರಲ್ಲಿ ಇದನ್ನು ಪ್ರಕಟಿಸಿದರು. ಉತ್ತರಗೋಲದಲ್ಲಿರುವ ನಮ್ಮಲ್ಲಿ ಅದು ದಕ್ಷಿಣಕ್ಕೆ ವಾಲಬೇಕು. ಲಾಲ್‌ಬಾಗಿಗೆ ಹೋದವರು ಅಲ್ಲಿಯ ಎತ್ತರದ ಅರಕೇರಿಯಾಗಳ ತುದಿಯನ್ನೊಮ್ಮೆ ಕತ್ತೆತ್ತಿ ನೋಡಲಿ. ನಮ್ಮ ಸಸಿಯು ಇದುವರೆಗೆ ಲಂಬವಾಗಿಯೇ ನಿಂತಿದೆ. ಆದ್ದರಿಂದ ನಾರ್ಫೋಕದ್ದೆಂದೇ ನಾವು ನಂಬಿದ್ದೇವೆ.

ಇನ್ನು ಬೊನ್ಸಾಯ್. ಜಪಾನೀ ಭಾಷೆಯಲ್ಲಿ ಈ ಮಾತಿಗೆ ತಟ್ಟೆಯಲ್ಲಿ ನೆಟ್ಟದ್ದೆಂದಷ್ಟೇ ಅರ್ಥ. ವಿದ್ಯೆಯು ಚೀನದಲ್ಲಿ ಹುಟ್ಟಿ ಜಪಾನಿಗೆ ಹೋಗಿ ಅಲ್ಲಿ ಪಕ್ವವಾಯಿತು. ಮರವನ್ನು ಹಸಿವಿನಿಂದ ಸಾಯಿಸಿ ಕುಳ್ಳ ಮಾಡುವದೆಂದು ನಾವು ತಿಳಿದಿದ್ದೆವು. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿ ಕಿಷ್ಕಿಂಧಾ ಮೂಲಿಕಾ ಬೊನ್ಸಾಯ್ ಉದ್ಯಾನವೆಂಬುದೊಂದಿದೆ. ಅಲ್ಲಿ ಮೊಳಕಾಲೆತ್ತರದ ಆಲ ಅತ್ತಿಗಳು ಬಿಳಲು ಬಿಟ್ಟು, ತೊಗಟೆ ಬಿರಿದು, ಮುತ್ತಜ್ಜರಂತೆ ಕುಳಿತಿರುವದನ್ನು ಕಂಡ ಮೇಲೆ ಆ ತಿಳುವಳಿಕೆಯನ್ನು ಬಿಟ್ಟೆವು. ಅವು ಹಸಿದ ಮರಗಳಲ್ಲ. ಬೇರನ್ನು ಎರಡು ಮೂರು ವರ್ಷಕ್ಕೊಮ್ಮೆ ಸವರಿ, ಮಣ್ಣನ್ನು ಬದಲಿಸಿ, ಚಿಗುರನ್ನು ಹದವರಿತು ಚಿವುಟುವದೇ ಇದರ ಗುಟ್ಟು. ಆದರೆ ಅತ್ತಿ ಆಲಗಳು ಎಲ್ಲಿ ಕತ್ತರಿಸಿದರೂ ಚಿಗುರುವ ಉದಾರಿಗಳು. ಅರಕೇರಿಯಾ ಹಾಗಲ್ಲ. ಒಣಗಿದ ಕೊಂಬೆಯು ಒಣಗಿದಂತೆಯೇ. ಅದರ ಸ್ಥಳದಲ್ಲಿ ಇನ್ನೊಂದು ಬಾರದು. ಕೊಂಬೆಯ ತುಂಡನ್ನು ಮಣ್ಣಿನಲ್ಲಿಟ್ಟು ಬೇರು ಬರಿಸಿದರೂ ಅದು ಮರವಾಗಿ ಮೇಲೇಳದು, ಕೊಂಬೆಯಾಗಿಯೇ ಅಡ್ಡಡ್ಡ ಬೆಳೆಯುವದು. ತಾನು ಕೊಂಬೆಯೆಂಬುದನ್ನು ಅದು ಮರೆಯದು. (ಇಂಥ ಶಿಷ್ಯರು ನಮಗೆ ತರಗತಿಯಲ್ಲಿಯೂ ಸಿಕ್ಕಿದ್ದರು.) ಆದುದರಿಂದ ಬೊನ್ಸಾಯ್ ಬಲ್ಲವರು ಸಾಮಾನ್ಯವಾಗಿ ಈ ಮರದ ಗೊಡವೆಗೆ ಹೋಗುವದಿಲ್ಲ. ನಮಗೆ ಆಯ್ಕೆಯಿರಲಿಲ್ಲ.

ಮೊದಲ ವರ್ಷವೇ ಮಣ್ಣಿನಲ್ಲಿ ಎಡವಿದೆವು. ನಮ್ಮ ಸೀಮೆಯ ಎರೆಮಣ್ಣಿನ ಬಗ್ಗೆ ನಮಗಿರುವ ಅಭಿಮಾನವು ದೊಡ್ಡದು. ಬಿಳಿಜೋಳಕ್ಕೂ ಕಡಲೆಗೂ ಒದಗುವ ಮಣ್ಣು ಒಂದು ಗೇಣಿನ ಗಿಡಕ್ಕೆ ಒದಗಲಾರದೇ ಎಂದು ಕುಂಡದ ತುಂಬ ಅದನ್ನೇ ತುಂಬಿದೆವು. ನೀರು ಹಾಕಿದರೆ ಅದು ಉಬ್ಬಿ ಹಿಟ್ಟಿನ ಮುದ್ದೆಯಾಗುವದು. ಒಣಗಿದರೆ ಬಿರಿದು ಬೇರನ್ನೇ ಹರಿಯುವದು. ಕೆಳಗಿನ ಸೂಜಿಗಳು ಹಳದಿಯಾದವು. ಗಾಬರಿಯಾಗಿ ಕಿತ್ತು ನೋಡಿದರೆ ಬೇರುಗಳ ತುದಿ ಕೊಳೆತು ಕಪ್ಪಾಗಿತ್ತು. ಇಳಕಲ್ಲಿನ ಕೆಂಪು ಗ್ರ್ಯಾನೈಟಿನ ಸಣ್ಣ ಚೂರುಗಳನ್ನು ತರಿಸಿ, ತೊಳೆದು, ಜರಡಿ ಹಿಡಿದು, ಅದರಲ್ಲಿ ಮಸಾರಿ ಮಣ್ಣನ್ನೂ ಕೊಳೆತ ಎಲೆಗೊಬ್ಬರವನ್ನೂ ಬೆರೆಸಿ ಹೊಸ ಹಾಸಿಗೆಯನ್ನು ಸಿದ್ಧಪಡಿಸಿದೆವು. ಪಾತ್ರೆಗಾಗಿ ಕುಂಬಾರರಲ್ಲಿಗೆ ಹೋಗಿ, ನಾಲ್ಕು ಬೆರಳಿನ ಆಳದ ಅಗಲ ತಟ್ಟೆಯನ್ನು ಮಾಡಿ ತಳಕ್ಕೆ ಮೂರು ತೂತು ಹಾಕಿ ಕೊಡಬೇಕೆಂದೆವು. ಅವರು ಬಹಳ ಹೊತ್ತು ನಮ್ಮ ಮುಖ ನೋಡಿ, "ಮಾಸ್ತರ್ರ, ನೀರು ನಿಲ್ಲದ ಗಡಿಗಿ ಮಾಡಿ ಕೊಟ್ಟೆ ಅಂದ್ರ ಊರಾಗ ನನ್ನ ಹೆಸರು ಉಳೀತೈತೇನ್ರಿ?" ಎಂದರು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಕೊಳೆತ ಬೇರನ್ನು ಸವರಿ, ಆ ತೂತಿನ ತಟ್ಟೆಯಲ್ಲಿಯೇ ಸಸಿಯನ್ನು ಕೂಡ್ರಿಸಿದೆವು. ಅದು ಹಿಡಿಯಿತು.

ಬೇಸಿಗೆಯ ಚಿಂತೆ ಬೇರೆ. ನಾರ್ಫೋಕದಲ್ಲಿ ವರ್ಷವಿಡೀ ಸಮುದ್ರದ ತಂಪು. ನಮ್ಮಲ್ಲಿ ವೈಶಾಖದ ಮಧ್ಯಾಹ್ನ 40 ಡಿಗ್ರಿಗೆ ಮುಟ್ಟಿದ ಗಾಳಿ. ಬೇವಿನ ಮರದ ಪೂರ್ವಕ್ಕೆ, ಮುಂಜಾವಿನ ಎಳೆಬಿಸಿಲು ಮಾತ್ರ ತಾಕುವಲ್ಲಿ ತಟ್ಟೆಯನ್ನಿಟ್ಟು, ಅದರ ಕೆಳಗೆ ಒದ್ದೆ ಉಸುಕು ತುಂಬಿದ ಇನ್ನೊಂದು ಅಗಲ ಪಾತ್ರೆಯನ್ನಿಟ್ಟೆವು. ಪಡುವಲ ಗಾಳಿಗೆ ಒಂದು ಹಸಿ ಗೋಣಿತಟ್ಟಿನ ಮರೆ. ಹೊಲಗಳಲ್ಲಿ ಹನಿಕೊಳವೆಗಳನ್ನು ಹಾಸುವದನ್ನು ನೋಡಿ ನಮಗೂ ಒಂದು ಬುದ್ಧಿ ಹೊಳೆಯಿತು. ಔಷಧದ ಅಂಗಡಿಯಿಂದ ರೋಗಿಗಳಿಗೆ ಸಲಾಯಿನ್ ಹಚ್ಚುವ ನಳಿಗೆಯೊಂದನ್ನು ತಂದು, ನೀರಿನ ಬಾಟಲಿಯನ್ನು ಬೇವಿನ ಟೊಂಗೆಗೆ ತೂಗಹಾಕಿ, ನಿಮಿಷಕ್ಕೆ ಇಷ್ಟು ಹನಿಯೆಂದು ತಿರುಪನ್ನು ಹೊಂದಿಸಿದೆವು. ಓಣಿಯ ಹುಡುಗರು ಬಂದು, "ಗಿಡಕ್ಕ ಏನಾಗೈತ್ರಿ ಸರ, ಟೈಫಾಯ್ಡ್ ಏನ್ರಿ?" ಎಂದು ವಿಚಾರಿಸಿ ಹೋಗುತ್ತಿದ್ದರು. ಇರಲಿ. ಎರಡು ಬೇಸಿಗೆಗಳು ಕಳೆದವು. ಪ್ರತಿ ವರ್ಷ ಒಂದೆರಡು ಹೊಸ ಅಂತಸ್ತುಗಳು. ಎತ್ತರವು ಒಂದೂವರೆ ಗೇಣನ್ನು ದಾಟಲಿಲ್ಲ. ಫೋನಿನಲ್ಲಿ ಪ್ರತಿ ಭಾನುವಾರ ವರದಿ ಒಪ್ಪಿಸುತ್ತಿದ್ದೆವು. ಸ್ವಲ್ಪ ಬೀಗಿದೆವೆಂದೂ ಒಪ್ಪಿಕೊಳ್ಳುವೆವು.

ಕಾಳಿದಾಸನ ರಘುವಂಶದ ಎರಡನೆಯ ಸರ್ಗದಲ್ಲಿ ಒಂದು ದೇವದಾರು ಬರುವದು. ಶಿವನು ಅದನ್ನು ಮಗನೆಂದು ಸ್ವೀಕರಿಸಿದ್ದಾನೆ, ಪಾರ್ವತಿಯು ತಾನೇ ನೀರೆರೆದು ಬೆಳೆಸಿದ್ದಾಳೆ. ಕಾಡಾನೆಯೊಂದು ಕಪೋಲವನ್ನು ತಿಕ್ಕಿ ಅದರ ತೊಗಟೆಯನ್ನು ಸುಲಿದಾಗ ಅವಳು, ಯುದ್ಧದಲ್ಲಿ ಗಾಯಗೊಂಡ ಷಣ್ಮುಖನಿಗಾಗಿ ಮರುಗಿದಂತೆ ಮರುಗುತ್ತಾಳೆ. ಅಂದಿನಿಂದ ಅದರ ಕಾವಲಿಗೆ ಒಂದು ಸಿಂಹ. ದೇವದಾರುವೂ ಸೂಚಿಪರ್ಣವೇ. ಎಷ್ಟೋ ವರ್ಷ ಪಾಠ ಹೇಳಿದ ಈ ಭಾಗವನ್ನು ನೆನೆಸಿಕೊಂಡು, ನಮ್ಮ ಅಂಗಳದ ಸಿಂಹವು ನಾವೇ ಎಂದು ಮನಸ್ಸಿನಲ್ಲಿ ನಗುತ್ತಿದ್ದೆವು. ಆ ನಗೆಯು ಕಳೆದ ಭಾದ್ರಪದದವರೆಗೆ ನಡೆಯಿತು.

ಮಳೆ ನಿಂತು ಸೆಕೆ ಹುಟ್ಟಿದ ದಿನಗಳವು. ಕೊಂಬೆಗಳ ಸಂದಿಯಲ್ಲಿ ಅರಳೆಯಂಥ ಬಿಳಿಯ ಚುಕ್ಕೆಗಳು ಕಂಡವು. ಹಿಟ್ಟು ತಿಗಣೆ! ಸಾಬೂನಿನ ನೀರನ್ನು ಸಿಂಪಡಿಸಿದರೆ ಸಾಯುವವೆಂದು ಯಾರೋ ಹೇಳಿದರು. ಹೇಳಿದವರ ತಪ್ಪಲ್ಲ, ತೆಳ್ಳಗೆ ಕಲಸಿದ ಮೆತ್ತಗಿನ ಸಾಬೂನನ್ನು ಸಿಂಪಡಿಸಿ ಒಳ್ಳೆಯ ನೀರಿನಿಂದ ತೊಳೆಯಬೇಕಾದದ್ದು. ನಾವು ಬಟ್ಟೆ ಒಗೆಯುವ ಪುಡಿಯನ್ನೇ ನೊರೆ ಬರುವಂತೆ ಕಲಸಿ, ಇಡಿಯ ಗಿಡಕ್ಕೆ ಅಭ್ಯಂಗ ಮಾಡಿಸಿದೆವು. ತೊಳೆಯಲು ಸಿಹಿನೀರು ಅಂದು ಮನೆಯಲ್ಲಿ ಕಡಿಮೆಯಿತ್ತು. ಬೋರಿನ ಸವುಳು ನೀರು ಬೇಕಾದಷ್ಟಿತ್ತು. ಆಗ ನಮ್ಮ ತರ್ಕಶಾಸ್ತ್ರವು ಹೀಗೆ ಓಡಿತು: ಇದು ಸಮುದ್ರತೀರದ ಮರ, ಉಪ್ಪುಗಾಳಿಯಲ್ಲಿಯೇ ಹುಟ್ಟಿ ಬೆಳೆದದ್ದು, ಆದ ಕಾರಣ ಸವುಳು ನೀರಿನಿಂದ ಇದಕ್ಕೆ ಬಾಧೆಯಿಲ್ಲ. ಪ್ರತಿಜ್ಞೆ, ಹೇತು, ಉದಾಹರಣೆ ಎಲ್ಲವೂ ಸರಿಯಾಗಿದ್ದವು. ವಾರದಲ್ಲಿ ಮೂರು ಸಲ ಹಾಗೆಯೇ ಮಾಡಿದೆವು.

ತಿಗಣೆಗಳು ಹೋದವು. ಹದಿನೈದು ದಿನಗಳ ಮೇಲೆ ಸೂಜಿಗಳ ತುದಿ ಕಂದಿದವು. ತಿಂಗಳಾಗುವಷ್ಟರಲ್ಲಿ ಮೇಲಿನ ಅಂತಸ್ತಿನ ಕೊಂಬೆಗಳು ಕಂದು ಬಣ್ಣಕ್ಕೆ ತಿರುಗಿ, ನಡುವಿನ ಎಳೆಯ ಸುಳಿಯು ಬಾಗಿ ಒಣಗಿತು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಓದಿದವರು. ಅವರಿಗೆ ಫೋನು ಮಾಡಿ ನಡೆದುದನ್ನೆಲ್ಲ ಹೇಳಿದೆವು. ಅವರು ಸ್ವಲ್ಪ ಸುಮ್ಮನಿದ್ದು, ಆಸ್ಟ್ರೇಲಿಯಾದ ಸಿಡ್ನಿ ನಗರದ ಸಂಗತಿಯನ್ನು ತಿಳಿಸಿದರು. ಅಲ್ಲಿಯ ಮ್ಯಾನ್ಲಿ ಮೊದಲಾದ ಕಡಲತೀರಗಳಲ್ಲಿ ಸಾಲಾಗಿ ನೆಟ್ಟ ನಾರ್ಫೋಕ್ ಮರಗಳು 1960 ಮತ್ತು 1970ರ ದಶಕಗಳಲ್ಲಿ ಒಂದೊಂದಾಗಿ ಸೊರಗಿದವಂತೆ. ಅನೇಕ ದಶಕ ಉಪ್ಪುಗಾಳಿಯನ್ನು ಎದೆಯೊಡ್ಡಿ ತಡೆದ ಮರಗಳು ಅವು! ಕಾರಣವನ್ನು ಹುಡುಕಿದರೆ, ನಗರದ ಚರಂಡಿಯ ನೀರಿನೊಡನೆ ಕಡಲಿಗೆ ಸೇರುತ್ತಿದ್ದ ಸಾಬೂನುಪುಡಿಯ ಅಂಶ. ಈ ಮರದ ಸೂಜಿಗಳ ಮೇಲೆ ಮೇಣದ ಒಂದು ತೆಳುವಾದ ಹೊದಿಕೆಯುಂಟು. ಉಪ್ಪಿನ ಹನಿಯು ಅದರ ಮೇಲೆ ತಾವರೆಯ ಎಲೆಯ ಮೇಲಿನ ನೀರಿನಂತೆ ಅಂಟದೆ ಜಾರುವದು. ಸಾಬೂನು ಸೇರಿದ ಹನಿಯು ಜಾರದೆ ಹರಡಿಕೊಳ್ಳುವದು, ಅದರೊಡನೆ ಉಪ್ಪು ಎಲೆಯ ಒಳಹೊಕ್ಕು ಸುಡುವದು. ಮರವು ಉಪ್ಪನ್ನು ಸಹಿಸುವಂಥದಲ್ಲ, ಉಪ್ಪನ್ನು ಹೊರಗಿಡುವಂಥದು. ನಾವು ಅದರ ಕವಚವನ್ನು ಮೊದಲು ಕಳಚಿ, ಆಮೇಲೆ ಬಾಣ ಬಿಟ್ಟಿದ್ದೆವು. ರಘುವಂಶದಲ್ಲಿ ಆನೆಯು ಹೊರಗಿನಿಂದ ಬಂದಿತ್ತು. ಇಲ್ಲಿ ಸಿಂಹವೇ ಆನೆಯ ಕೆಲಸವನ್ನು ಮಾಡಿತ್ತು.

ಇನ್ನೇನು ಮಾಡಬೇಕು? ಸಿಹಿನೀರಿನಿಂದ ಎಲೆಗಳನ್ನೂ ಮಣ್ಣನ್ನೂ ಚೆನ್ನಾಗಿ ತೊಳೆದು, ಒಣಗಿದ ಸುಳಿಯನ್ನು ಹಸಿ ಕಾಂಡ ಸಿಕ್ಕುವವರೆಗೆ ಕತ್ತರಿಸಬೇಕೆಂದು ಅವರು ಹೇಳಿದರು. ಕತ್ತರಿಸಿದರೆ ಆ ಅಚ್ಚುಕಟ್ಟಾದ ಗೋಪುರವು ಹೋಯಿತೆಂದೇ ಅರ್ಥ. ನಾವು ಎರಡು ದಿನ ಮುಂದೂಡಿದೆವು. ಮೂರನೆಯ ದಿನ ವರಾಹಮಿಹಿರನ ಬೃಹತ್ಸಂಹಿತೆಯನ್ನು ಕಪಾಟಿನಿಂದ ತೆಗೆದೆವು. ಅದರಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವಿದೆ. ಚಳಿ, ಗಾಳಿ, ಬಿಸಿಲುಗಳಿಂದ ಮರಗಳಿಗೆ ರೋಗ ಬರುವದೆಂದೂ, ಎಲೆ ಬಿಳಿಚುವದು, ಚಿಗುರು ಬೆಳೆಯದಿರುವದು, ಕೊಂಬೆ ಒಣಗುವದು, ರಸ ಸೋರುವದು ಇವು ಅದರ ಲಕ್ಷಣಗಳೆಂದೂ ಹೇಳಿ, ಚಿಕಿತ್ಸೆಯಲ್ಲಿ ಮೊದಲನೆಯದಾಗಿ ಶಸ್ತ್ರದಿಂದ ಶೋಧಿಸಬೇಕೆನ್ನುತ್ತಾನೆ. ಆಮೇಲೆ ವಾಯುವಿಳಂಗ, ತುಪ್ಪ, ಕೆಸರುಗಳ ಲೇಪ, ಹಾಲುನೀರಿನ ಸೇಚನ. ಸಾವಿರದ ನಾನೂರು ವರ್ಷಗಳ ಹಿಂದಿನವನೂ ಬಾಗಲಕೋಟೆಯಲ್ಲಿ ಓದಿದವರೂ ಕತ್ತರಿಯಲ್ಲಿ ಒಮ್ಮತರಾದುದನ್ನು ಕಂಡು ನಮಗೆ ಧೈರ್ಯ ಬಂದಿತು. ತುಪ್ಪವನ್ನು ಮಾತ್ರ ಬಿಟ್ಟೆವು. ಹಚ್ಚಿದರೆ ಓಣಿಯ ಇರುವೆಗಳಿಗೆಲ್ಲ ಜಾತ್ರೆಯಾಗುತ್ತಿತ್ತು.

ಕತ್ತರಿಯನ್ನು ಬಿಸಿನೀರಿನಲ್ಲಿ ಅದ್ದುವಾಗ ನಮ್ಮ ಮನೆಯವರು ಬಾಗಿಲಲ್ಲಿ ನಿಂತಿದ್ದರು. "ಶಾಲ್ಯಾಗ ಹುಡುಗರ ಕಿವಿ ಹಿಂಡಿದ್ದು ಸಾಕಾಗಲಿಲ್ಲೇನ್ರಿ? ಈಗ ಗಿಡದ ಕುತ್ತಿಗಿಗೆ ಕೈ ಹಾಕೀರಿ" ಎಂದು ಮೊದಲು ನಗೆಯಾಡಿದರು. ಆಮೇಲೆ ಹತ್ತಿರ ಬಂದು ತಟ್ಟೆಯನ್ನು ಅಲುಗದಂತೆ ಎರಡೂ ಕೈಗಳಿಂದ ಹಿಡಿದುಕೊಂಡು ಮೆಲ್ಲಗೆ, "ಕೂಸಿಗೆ ಏನು ಹೇಳ್ತೀರಿ?" ಎಂದರು.

ಅದೇ ನಮ್ಮನ್ನು ಕಾಡುತ್ತಿದ್ದ ಪ್ರಶ್ನೆ. ಆ ಭಾನುವಾರ ಫೋನಿನಲ್ಲಿ ಗಿಡವು ಚೆನ್ನಾಗಿದೆಯೆಂದೆವು. ಮುಂದಿನ ಭಾನುವಾರವೂ ಹಾಗೆಯೇ. ಮೂವತ್ತು ವರ್ಷ ಸತ್ಯಂ ವದ ಎಂದು ಮಕ್ಕಳಿಂದ ಹೇಳಿಸಿದ ಬಾಯಿ ಇದು. ಮೂರನೆಯ ವಾರ ನಾಲಿಗೆ ಹೊರಳಲಿಲ್ಲ. ಫೋನಿನಲ್ಲಿ ಹೇಳಲು ಧೈರ್ಯ ಸಾಲದೆ ಕಾಗದ ಬರೆದೆವು: ತಿಗಣೆ, ಸಾಬೂನು, ಸವುಳು ನೀರು, ಕತ್ತರಿ, ಎರಡು ವಾರದ ಸುಳ್ಳು, ಯಾವುದನ್ನೂ ಬಿಡದೆ. ಉತ್ತರಕ್ಕೆ ಹತ್ತು ದಿನ ಕಾದೆವು. ಗೀರಿದ ಕಾಗದದ ಹಾಳೆಯಲ್ಲಿ ಎರಡೇ ಸಾಲು ಬಂದವು: ಅದು ಇನ್ನೂ ಹಸಿರಿದೆಯೋ ಇಲ್ಲವೋ ಬರೆ, ಸುಳ್ಳು ಬರೆಯಬೇಡ.

ಹಸಿರು ಇತ್ತು. ಕೆಳಗಿನ ಮೂರು ಅಂತಸ್ತುಗಳು ಉಳಿದಿದ್ದವು. ಪುಷ್ಯ, ಮಾಘಗಳು ಕಳೆದರೂ ಮೊಂಡಾದ ಕಾಂಡದಲ್ಲಿ ಏನೂ ಕಾಣಲಿಲ್ಲ. ಫಾಲ್ಗುಣದ ಕೊನೆಗೆ ಒಂದು ಬೆಳಿಗ್ಗೆ, ಕತ್ತರಿಸಿದ ಸ್ಥಳದಿಂದ ಒಂದು ಬೆರಳು ಕೆಳಗೆ, ತೊಗಟೆಯಲ್ಲಿ ಎಳ್ಳಿನಷ್ಟು ದಪ್ಪದ ಎರಡು ಗುಬುಟು ಕಂಡವು. ಕೊಂಬೆಗಳಿಂದಲ್ಲ, ಕಾಂಡದಿಂದಲೇ. ಈ ಮರದ ಕಾಂಡದಲ್ಲಿ ಇಂಥ ಗುಪ್ತ ಕಣ್ಣುಗಳು ವರ್ಷಾನುವರ್ಷ ಮಲಗಿರುವವಂತೆ. ಸುಳಿ ಹೋದಾಗಲೇ ಏಳುವವು, ಎದ್ದರೆ ಅಡ್ಡ ಬೆಳೆಯದೆ ನೆಟ್ಟಗೆ ಬೆಳೆಯುವವು. ಚೈತ್ರದ ಹೊತ್ತಿಗೆ ಎರಡೂ ಕಿರುಬೆರಳಿನುದ್ದವಾಗಿ ಆಕಾಶವನ್ನೇ ನೋಡುತ್ತಿದ್ದವು. ವಿಚಿತ್ರವೆಂದರೆ, ಮೊದಲಿನ ಅಚ್ಚುಕಟ್ಟು ಹೋಗಿ, ಒಂದು ಮಗ್ಗಲು ಬರಿದಾಗಿ, ತಲೆ ಮೊಂಡಾದ ಆ ಗಿಡವು ಈಗ ಬಿರುಗಾಳಿಯ ಕಡಲದಂಡೆಯಲ್ಲಿ ಬಹುಕಾಲ ನಿಂತ ಮುದಿಮರದಂತೆ ಕಾಣತೊಡಗಿತು.

ಬೇಸಿಗೆಯ ರಜೆಗೆ ಮೊಮ್ಮಗಳು ಬಂದಳು. ಈಗ ಅವಳಿಗೆ ಹತ್ತು ತುಂಬಿದೆ. ಚಪ್ಪಲಿಯನ್ನೂ ಬಿಡದೆ ಬೇವಿನ ಕೆಳಗೆ ಹೋಗಿ ಕುಕ್ಕುರುಗಾಲಿನಲ್ಲಿ ಕುಳಿತು, ಬಹಳ ಹೊತ್ತು ಏನೂ ಮಾತಾಡಲಿಲ್ಲ. ಕತ್ತರಿಸಿದ ಗಾಯದ ಮೇಲೆ ಬೆರಳನ್ನಾಡಿಸಿದಳು. ಎರಡರಲ್ಲಿ ಒಂದನ್ನು ತೆಗೆದರೆ ಮಾತ್ರ ಇನ್ನೊಂದು ಬಲವಾಗಿ ತಲೆಯಾಗುವದೆಂದು ನಾವು ಹೇಳಿ, ಕತ್ತರಿಯನ್ನು ಅವಳ ಕೈಗೆ ಕೊಟ್ಟೆವು. ಗಿಡವು ಅವಳದು. ಅವಳು ಕತ್ತರಿಯನ್ನು ಹಿಡಿದು ಒಮ್ಮೆ ಈ ಚಿಗುರನ್ನು, ಒಮ್ಮೆ ಆ ಚಿಗುರನ್ನು ನೋಡಿದಳು.

"ಅಜ್ಜಾ, ಎರಡೂ ಇರಲಿ. ಮುಂದಿನ ದೀಪಾವಳಿಗೆ ನೋಡೋಣ."

ಹಾಗೆ ಬಿಟ್ಟರೆ ಗಿಡವು ಕವಲೊಡೆದು ಆಕಾರ ಕೆಡುವದೆಂದು ನಮಗೆ ಗೊತ್ತು. ಕತ್ತರಿಯನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟೆವು. ಅವಳು ಸಲಾಯಿನ್ ಬಾಟಲಿಯಲ್ಲಿದ್ದ ನೀರನ್ನು ಅಂಗೈಗೆ ಒಂದಿಷ್ಟು ಹಾಕಿಕೊಂಡು, ನಾಲಿಗೆಯ ತುದಿಯಿಂದ ರುಚಿ ನೋಡಿ, ಸಿಹಿಯಾಗಿದೆಯೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಚಪ್ಪಲಿ ಬಿಟ್ಟು ಒಳಗೆ ಹೋದಳು.